ಮೂರನೇ ಸಲ ಕರೆದಾಗ

ಇದು ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ಜುಗೂಳದಲ್ಲಿ ನಮ್ಮ ಚಿಗವ್ವನ ಮಗ ದುಂಡೇಶನಿಗೆ ಆದದ್ದು. ಹೋದ ವರ್ಷದ ಮಾತು, ಕಬ್ಬು ಕಡಿಯುವ ಹಂಗಾಮು ಇನ್ನೂ ಶುರುವಾಗಿರಲಿಲ್ಲ. ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರಲಿಕ್ಕಿಲ್ಲ.

ನಮ್ಮ ಕಡೆ ಕರೆಂಟಿನವರು ರೈತರನ್ನು ಗೂಬೆ ಅಂತ ತಿಳಿದಿದ್ದಾರೆ. ಹಗಲು ಮೋಟರಿಗೆ ಕರೆಂಟು ಇಲ್ಲ, ಊರೆಲ್ಲ ಮಲಗಿದ ಮೇಲೆ ಬರುತ್ತದೆ. ಅವತ್ತೂ ದುಂಡೇಶ ಹೊಳೆದಂಡೆಯ ಹೊಲಕ್ಕೆ ಹೋಗಿ, ಮೋಟರ್ ಚಾಲೂ ಮಾಡಿ, ಕಬ್ಬಿಗೆ ನೀರು ತಿರುವಿ, ಒಬ್ಬನೇ ಮನೆಗೆ ಹೊರಟಿದ್ದ. ಅಮಾವಾಸ್ಯೆ ಹತ್ತಿರ ಬಂದಿತ್ತು. ಕೈಯಲ್ಲಿ ಮೊಬೈಲಿನ ಬೆಳಕು. ಬೆನ್ನ ಹಿಂದೆ ಮೋಟರಿನ ಗುಂಯ್… ಅನ್ನುವ ಸದ್ದು ಸಣ್ಣದಾಗುತ್ತ ಹೋಯಿತು. ಎರಡೂ ಕಡೆ ಕಬ್ಬಿನ ಒಣಗರಿ ಸರ್… ಸರ್… ಮುಂದೆ ಆಲದ ಮರ. ಮರದ ಬುಡದಲ್ಲಿ ಹಾಳುಬಿದ್ದ ಮೆಟ್ಟಿಲು ಬಾವಿ.

ಅಲ್ಲಿಗೆ ಬಂದಾಗ ಕೇಳಿತು. ಮೊದಲು ಹಾಡಲ್ಲ. ಹಳೆಯ ಗ್ರಾಮಾಫೋನ್ ಪ್ಲೇಟಿನ ಮೇಲೆ ಸೂಜಿ ಇಟ್ಟಾಗ ಬರುತ್ತದಲ್ಲ… ಖರ್ರ್… ಖರ್ರ್… ಟಕ್. ಖರ್ರ್… ಖರ್ರ್… ಟಕ್. ಬಾವಿಯ ಒಳಗಿನಿಂದ ಬರುತ್ತಿತ್ತು. ಆಮೇಲೆ ಹಾರ್ಮೋನಿಯಂ ಪೇಟಿ ನುಡಿಯಿತು. ಆಮೇಲೆ ಒಂದು ಹುಡುಗಿಯ ದನಿ.

"ಹೊಳಿ ದಂಡ್ಯಾಗ ನಿಂತೀನಿ… ಬಾರೇ ಗೆಳತೀ…"

ದುಂಡೇಶನ ಕಾಲು ನಿಂತಲ್ಲೇ ನಿಂತವು. ಮೊದಲ ಗಳಿಗೆ ಅವನಿಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು ಅಂದರೆ ನಂಬುತ್ತೀರಾ? ಆ ಹಾಡನ್ನು ಅವನು ವರ್ಷಗಟ್ಟಲೆ ಹುಡುಕಿದ್ದ.

ಅವನ ಅವ್ವ ತಾರವ್ವನ ತವರು ಶೇಡಬಾಳ. ಅಲ್ಲಿ ಅವಳಿಗೆ ಬ್ರಾಹ್ಮಿ ಅಂತ ಒಬ್ಬ ಗೆಳತಿ ಇದ್ದಳು, ಜೈನರ ಹುಡುಗಿ. ಕಂಠ ಅಂದರೆ ಕಂಠ. ಅರವತ್ತನೇ ಇಸವಿಯ ಆಚೀಚೆ ಯಾರೋ ಕರೆದುಕೊಂಡು ಹೋಗಿ ಅವಳಿಂದ ಒಂದು ಪ್ಲೇಟು ಹಾಡಿಸಿದರು. ಒಂದೇ ಒಂದು. ಅದು ಬಂದ ಹೊಸದರಲ್ಲಿ ಕಾಗವಾಡದಿಂದ ಅಥಣಿಯವರೆಗೆ ಆ ಹಾಡಿಲ್ಲದೆ ಮದುವೆಯ ಹಂದರ ಏಳುತ್ತಿರಲಿಲ್ಲ. ಹಾಡಿನಲ್ಲಿ ಒಬ್ಬ ಹುಡುಗಿ ಹೊಳೆದಂಡೆಯಲ್ಲಿ ನಿಂತು ಗೆಳತಿಯನ್ನು ಕರೆಯುತ್ತಾಳೆ. ಮೂರು ಸಲ. ಮೂರನೇ ಸಲಕ್ಕೆ ಲೌಡ್‌ಸ್ಪೀಕರಿನ ಭೋಂಗಾದ ಕೆಳಗೆ ಕೂತ ಹುಡುಗಿಯರೆಲ್ಲ ಒಟ್ಟಿಗೆ "ಓ…" ಅನ್ನಬೇಕು. ಅದೇ ಆ ಹಾಡಿನ ಗಮ್ಮತ್ತು. ಮೂರನೇ ಸಲಕ್ಕೇ ಯಾಕೆ, ನಿಮಗೆ ಗೊತ್ತಿದ್ದದ್ದೇ. ರಾತ್ರಿ ಯಾರಾದರೂ ಒಂದು ಸಲ, ಎರಡು ಸಲ ಕರೆದರೆ ಓ ಅನ್ನಬಾರದು. ದೆವ್ವಕ್ಕೆ ಮೂರನೇ ಸಲ ಕರೆಯಲು ಬರುವುದಿಲ್ಲ, ಮೂರು ಸಲ ಕರೆದರೆ ಮನುಷ್ಯರೇ, ಅಂತ ಹಿರಿಯರು ಹೇಳುತ್ತಾರೆ. ಹಿರಿಯರು ಹೇಳಿದ್ದನ್ನು ನಾವೂ ನಂಬಿಕೊಂಡು ಕೂತಿದ್ದೆವು.

ತಾರವ್ವನ ಮದುವೆಗೆ ಬ್ರಾಹ್ಮಿ ತಾನೇ ಜುಗೂಳಕ್ಕೆ ಬಂದಳು. ಇದೇ ಆಲದ ಮರದ ಕೆಳಗೆ ಹಂದರ. ಮೈಕ್ ಹಿಡಿದು ಹಾಡಿದಳು. ಪ್ಲೇಟಿಗೆ ಓ ಅಂದ ಊರು, ಎದುರಿಗೆ ನಿಂತ ಹೆಣ್ಣುಮಗಳಿಗೆ ಓ ಅನ್ನಲಿಲ್ಲ. ಗಂಡಸರ ಮುಂದೆ ನಿಂತು ಹಾಡುತ್ತಾಳಲ್ಲ ಅಂತ ದೊಡ್ಡವರು ಮುಖ ಸಿಂಡರಿಸಿ ಕೂತರು, ಅವರ ಮುಖ ನೋಡಿ ಹುಡುಗಿಯರೂ ಸುಮ್ಮನಾದರು. ಮದುಮಗಳು ತಾರವ್ವ ಒಬ್ಬಳೇ ಬಾಯಿ ತೆರೆದಳು. ಪಕ್ಕದಲ್ಲಿ ಕೂತಿದ್ದ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಗಿರಿಜವ್ವ, "ಮದುಮಗಳು ಹಿಂಗ ಒದರಬಾರ್ದು" ಅಂತ ಸೆರಗಿನಿಂದ ಅವಳ ಬಾಯಿ ಒತ್ತಿ ಹಿಡಿದಳು. ಬ್ರಾಹ್ಮಿ ಮೂರನೇ ಸಲ ಕರೆದು ಕಾದಳು… ಹಂದರ ತುಂಬ ಜನ, ಒಬ್ಬರೂ ಓ ಅನ್ನಲಿಲ್ಲ. ಮೈಕ್ ಕೆಳಗಿಟ್ಟು ಹೊಳೆಯ ಕಡೆ ನಡೆದು ಹೋದಳು. ದೋಣಿ ಹತ್ತಿದ್ದನ್ನು ಯಾರೂ ನೋಡಲಿಲ್ಲ. ಅವಳ ಸುದ್ದಿ ಆಮೇಲೆ ಬರಲಿಲ್ಲ. ನಿಧಾನಕ್ಕೆ ಹಾಡಿನ ಸುದ್ದಿಯೂ ನಿಂತಿತು.

ಈಗ ತಾರವ್ವನಿಗೆ ಎಂಬತ್ತರ ಹತ್ತಿರ. ಊಟ ಮಾಡಿದ್ದು ಮರೆಯುತ್ತಾಳೆ, ಮೊಮ್ಮಕ್ಕಳ ಹೆಸರು ಅದಲು ಬದಲು ಮಾಡುತ್ತಾಳೆ. ಆ ಹಾಡು ಮಾತ್ರ ಮರೆತಿಲ್ಲ. "ಸಾಯೂದ್ರಾಗ ಒಮ್ಮೆ ಕೇಳ್ಸೋ ದುಂಡ್ಯಾ. ಈ ಸಲ ಓ ಅಂತೀನಿ" ಅನ್ನುತ್ತಿದ್ದಳು. ಮಗನಿಗೆ ಅವ್ವ ಅಂದರೆ ಜೀವ. ಮೊಬೈಲಿನಲ್ಲಿ ಹುಡುಕಿದ, ಸಿಗಲಿಲ್ಲ. ಮಿರಜಕ್ಕೆ ಹೋಗಿ ಗುಜರಿ ಅಂಗಡಿಗಳಲ್ಲಿ ಹಳೆಯ ಪ್ಲೇಟುಗಳ ರಾಶಿ ಕೆದರಿದ. ಅಂಗಡಿಯವರು "ಕೋಣ ಬ್ರಾಹ್ಮಿ?", ಯಾರು ಈ ಬ್ರಾಹ್ಮಿ, ಅಂತ ಮರಾಠಿಯಲ್ಲಿ ಅವನನ್ನೇ ಕೇಳಿದರು.

ಅಂಥ ಹಾಡು ಹಾಳುಬಾವಿಯಲ್ಲಿ ಹಾಡುತ್ತಿತ್ತು. ದುಂಡೇಶ ಬಗ್ಗಿ ಬಾವಿಯೊಳಗೆ ಬೆಳಕು ಬಿಟ್ಟ. ನೀರಿರಲಿಲ್ಲ. ಮೇಲಿನ ಮೆಟ್ಟಿಲಿನವರೆಗೂ ಕಸ, ಕಬ್ಬಿನ ಗರಿ, ಒಡೆದ ಪೈಪು. ಅದೆಲ್ಲದರ ಅಡಿಯಿಂದ ದನಿ ಬರುತ್ತಿತ್ತು, ಮುಚ್ಚಿದ ಪೆಟ್ಟಿಗೆಯಿಂದ ಬಂದ ಹಾಗೆ.

ಆಗ ಅವನಿಗೆ ಲೆಕ್ಕ ಹೊಳೆಯಿತು. ಒಂದು ಸಲ ಕರೆದಾಗಿದೆ. ಇನ್ನೆರಡು ಸಲ ಬಾಕಿ. ಊರು ಗಪ್ ಆಗಿದೆ, ಹೊಳೆ ಕಡೆಯ ಗಾಳಿ ಊರಿಗೇ ಬೀಸುತ್ತದೆ. ಮನೆಯಲ್ಲಿ ಅವ್ವನಿಗೆ ರಾತ್ರಿ ನಿದ್ದೆಯಿಲ್ಲ. ಮೂರನೇ ಸಲಕ್ಕೆ ಅವಳು ಓ ಅನ್ನುತ್ತಾಳೆ… ಅನ್ನದೆ ಬಿಡುವವಳಲ್ಲ.

ಓಡಿದ. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಎಷ್ಟು ಓಡಿದರೂ ಹಾಡು ಹಿಂದೆ ಬೀಳಲಿಲ್ಲ. ಬೆನ್ನ ಹಿಂದೆ ಅಷ್ಟೇ ದೂರದಲ್ಲಿ… ಅಷ್ಟೇ ಸಣ್ಣಗೆ… ಊರ ಬಾಗಿಲಾದ ಅಗಸಿ ಮುಟ್ಟಿದಾಗ ಎರಡನೇ ಸಲ ಕರೆಯಿತು. ಈಗ ಖರ್ರ್ ಅನ್ನುವ ಸದ್ದಿಲ್ಲ, ಪೇಟಿಯಿಲ್ಲ. ಬರೀ ದನಿ. ಅದೂ ಹುಡುಗಿಯ ದನಿಯಲ್ಲ. ಮಕ್ಕಳನ್ನು ಬೆಳೆಸಿದ ಹೆಂಗಸಿನ ದನಿಯ ಹಾಗೆ ದಪ್ಪಗಾಗಿತ್ತು. ಅಗಸಿಯಲ್ಲಿ ಮಲಗಿದ್ದ ನಾಯಿಗಳು ತಲೆ ಎತ್ತಿ ನೋಡಿದವು, ಬೊಗಳಲಿಲ್ಲ.

ಬಾಗಿಲು ಬಡಿದ. ಹೆಂಡತಿ ಕೋಮಲ ತೆರೆದಳು.

"ಅವ್ವ?"

"ಎದ್ದ ಕುಂತಾರ್ರೀ" ಕೋಮಲ ಪಿಸುಗುಟ್ಟಿದಳು. "ತಲಿ ಬಾಚ್ಕೊಂಡಾರ. ಯಾಕ್ರಿ ಅತ್ತಿ ಅಂದ್ರ, ಸುಮ್ನಿರು ಹಾಡ ಕೇಳು ಅಂತಾರ."

"ನಿನಗ ಕೇಳಾಕತ್ತೈತೇನ?"

"ಯಾವ ಹಾಡ್ರೀ?"

ಅವನು ಒಳಗೆ ಹೋದ. ತಾರವ್ವ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದಳು. ಎಷ್ಟೋ ವರ್ಷದಿಂದ ಆ ಮುಖದಲ್ಲಿ ಅಷ್ಟು ಖುಷಿ ಅವನು ನೋಡಿರಲಿಲ್ಲ.

"ಬ್ರಾಹ್ಮಿ ಬಂದಾಳೋ ದುಂಡ್ಯಾ."

"ಯಾರೂ ಬಂದಿಲ್ಲ ಬೇ. ಮಕ್ಕೊ."

"ಎರಡ ಸಲ ಕರದ್ಲು. ಇನ್ನೊಮ್ಮೆ ಕರೀಲಿ…"

"ಓ ಅನಬ್ಯಾಡ ಬೇ. ನಿನ್ನ ಕಾಲಿಗಿ ಬೀಳ್ತೀನಿ."

"ಯಾಕನಬಾರ್ದು? ಮೂರ ಸಲ ಕರದ್ರ ಮನಷ್ಯಾರಲ್ಲೇನ?"

 

ಹೊರಗೆ, ಬಾಗಿಲಿಗೆ ಹತ್ತಿಯೇ, ಯಾರೋ ಉಸಿರು ಎಳೆದುಕೊಂಡರು. ಹುಸ್ಸ್… ಹುಸ್ಸ್… ದೂರದಿಂದ ನಡೆದು ಬಂದು ದಣಿದವರ ಉಸಿರು. ಆಮೇಲೆ ಮುದುಕಿಯ ದನಿ. ಅವನ ಅವ್ವನ ವಯಸ್ಸಿನದೇ, ನಡುವೆ ನಡುವೆ ಒಡೆಯುತ್ತಿತ್ತು.

"ಹೊಳಿ ದಂಡ್ಯಾಗ… ನಿಂತೀನಿ… ಬಾರೇ… ತಾರೀ…"

ಹಾಡಿನಲ್ಲಿ ಆ ಹೆಸರು ಇರಲಿಲ್ಲ. ದುಂಡೇಶ ಹಾರಿ ಅವ್ವನ ಬಾಯಿಗೆ ಅಂಗೈ ಒತ್ತಿದ. ಅವಳ ತುಟಿ ಅಂಗೈಯೊಳಗೆ ದುಂಡಗಾದದ್ದು ತಿಳಿಯಿತು, ಬಿಸಿ ಉಸಿರು ಬಡಿಯಿತು. ಸದ್ದು ಹೊರಬೀಳಗೊಡಲಿಲ್ಲ. ಮುದುಕಿ ಕೊಸರಾಡಿದಳು, ಉಗುರಿನಿಂದ ಅವನ ಮಣಿಕಟ್ಟು ಪರಚಿದಳು. ಹೊರಗೆ ಕಾಯುತ್ತಿದ್ದದ್ದು ಕಾಯುತ್ತಲೇ ಇತ್ತು…

ಆಗ ಗೋಡೆಯ ಆಚೆಯ ಮನೆಯಿಂದ ಬಂತು.

"ಓ… ಬಂದ್ನೇ, ತಡಿ…"

ಗಿರಿಜವ್ವನ ದನಿ. ಅರವತ್ತು ವರ್ಷ ಒಂದೇ ಗೋಡೆಯ ಆಚೀಚೆ ಬಾಳಿದ ಅದೇ ನೆಗೆಣ್ಣಿ. ಆ ಗಳಿಗೆ ದುಂಡೇಶನಿಗೆ ಹೊಳೆದದ್ದು ಒಂದೇ. ಅವ್ವ ಅಲ್ಲ… ಶಿವನೇ, ನಮ್ಮವ್ವ ಅಲ್ಲ. ಆಚೆ ಮನೆಯ ಚಿಲಕ ಠಣ್ ಅಂದಿತು. ಕೋಲು ಓಣಿಯ ಕಲ್ಲಿನ ಮೇಲೆ ಕುಟ್… ಕುಟ್… ಅನ್ನುತ್ತ ಹೊಳೆಯ ಕಡೆ ಹೋಯಿತು. ಕೋಲು ಒಂದು. ನಡೆಯುವ ಕಾಲು ಮಾತ್ರ ಇಬ್ಬರದು. ಅವನು ಎದ್ದು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಕೋಳಿ ಕೂಗುವವರೆಗೂ ಅವ್ವನನ್ನು ಹಿಡಿದೇ ಕೂತಿದ್ದ. ಹೇಡಿ ಅನ್ನುತ್ತೀರಾ? ಅನ್ನಿ. ಅವನೂ ತನ್ನನ್ನು ಹಾಗೇ ಅಂದುಕೊಳ್ಳುತ್ತಾನೆ.

ಬೆಳಿಗ್ಗೆ ಗಿರಿಜವ್ವ ಆಲದ ಕಟ್ಟೆಯ ಮೇಲೆ ಕೂತಿದ್ದಳು. ಕೂತಲ್ಲೇ ಜೀವ ಹೋಗಿತ್ತು. ಮೈಮೇಲೆ ಒಂದು ಗಾಯವಿಲ್ಲ. ವಯಸ್ಸಾಗಿತ್ತು, ಹೋದಳು ಅಂದರು ಜನ.

ತಾರವ್ವ ಅಳಲಿಲ್ಲ. ಮಗನ ಮುಖ ನೋಡಿ, "ಕರದದ್ದ ನನ್ನ. ಅವತ್ತ ಆಕಿ ನನ್ನ ಬಾಯಿ ಮುಚ್ಚಿದ್ಲು. ಇವತ್ತ ನೀ ಮುಚ್ಚಿದಿ" ಅಂದಳು. ಅವತ್ತಿನಿಂದ ಅವನು "ಅವ್ವಾ" ಅಂತ ಎಷ್ಟು ಸಲ ಕರೆದರೂ ಅವಳು ಓ ಅನ್ನುವುದಿಲ್ಲ. ಇವತ್ತಿಗೂ ಇಲ್ಲ.

ಮಣ್ಣು ಮುಗಿದ ಮೇಲೆ ದುಂಡೇಶ ತಡೆಯಲಾರದೆ ಗಿರಿಜವ್ವನ ಮಗ ಅಣ್ಣಾಸಾಬನ ಕೈ ಹಿಡಿದ. "ಅಣ್ಣಾ, ರಾತ್ರಿ ಯಾರೋ ಕರದ್ರು. ದೊಡ್ಡವ್ವ ಓ ಅಂದದ್ದ ನಾ ಕೇಳಿದ್ನಿ. ಎದ್ದ ಬರ್ಲಿಲ್ಲ."

ಅಣ್ಣಾಸಾಬ ಅವನನ್ನೇ ನೋಡಿದ. "ಏನ್ ಹೇಳಾಕತ್ತೀಯೋ? ಯಾರ ಕರದ್ರ ನಮ್ಮವ್ವಗ ಹೆಂಗ ಕೇಳ್ತೈತಿ?" ಅಂದ.

ಆ ಮಣ್ಣಿಗೆ ನಾನೂ ಹೋಗಿದ್ದೆ, ಈ ಮಾತು ನನ್ನ ಎದುರಿಗೇ ಆಯಿತು. ಸುಳ್ಳು ಅನಿಸಿದರೆ ಜುಗೂಳಕ್ಕೆ ಹೋಗಿ ಯಾರನ್ನಾದರೂ ಕೇಳಿ. ಹಾಡಿನ ವಿಷಯ ಯಾರೂ ಹೇಳಲಿಕ್ಕಿಲ್ಲ. ಗಿರಿಜವ್ವನ ವಿಷಯ ಸಣ್ಣ ಮಕ್ಕಳೂ ಹೇಳುತ್ತವೆ. ಕಿವಿಯ ಹತ್ತಿರ ಪಟಾಕಿ ಹಚ್ಚಿದರೂ ಆ ಮುದುಕಿ ತಿರುಗಿ ನೋಡುತ್ತಿರಲಿಲ್ಲ. ದುಂಡೇಶ ಹುಟ್ಟುವ ಮೊದಲೇ ಅವಳ ಎರಡೂ ಕಿವಿ ಹೋಗಿದ್ದವು.