ಎಡಗಡೆಯ ಪುಟ

ಮಗಳ ಜ್ವರದ ಔಷಧಿಗೆಂದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ವಯಸ್ಸಾದ ಮೇಷ್ಟ್ರು ಮತ್ತು ಅವರ ಶಾಲೆಯ ಕಿರಿಯ ಟೀಚರ್ ಮಾತಾಡುತ್ತಿದ್ದರು.

“ಆ ಬಾಯಿಬಡುಕಿ ಹುಡುಗಿ ಕ್ಲಾಸಿಗೆ ಯಾಕೆ ಬರ್ತಿಲ್ಲ, ಮೇಷ್ಟ್ರೇ?”

“ಅವರಪ್ಪ ಶಾಲೆ ಬಿಡಿಸಿದ್ರಮ್ಮ. ನಿನ್ನೆ ಟಿಸಿ ತಗೊಂಡು ಹೋದ್ರು.”

“ಓದು ಬಿಡಿಸಬೇಡಿ ಅಂತ ಅಪ್ಪನಿಗೆ ಬರೀತಿದ್ಲಲ್ಲ?”

“ಬರೆದ್ಲು, ಚರ್ಚಾಸ್ಪರ್ಧೆಗೆ ನಾನು ಕಲಿಸಿದ ಹಾಗೇ. ಎಡಗಡೆ ಪುಟದಲ್ಲಿ ಎದುರಾಳಿ ವಾದ, ಬಲಗಡೆ ನಮ್ಮ ಉತ್ತರ.”

“ಸರಿಯಾಗೇ ಇದೆಯಲ್ಲ.”

“ಎದುರಾಳಿ ವಾದವನ್ನ ಅವನಿಗಿಂತ ಚೆನ್ನಾಗಿ ಬರೀಬೇಕು ಅಂತಿದ್ದೆ. ಅಮ್ಮ ಹಾಸಿಗೆ ಹಿಡಿದಿದ್ದು, ತಮ್ಮನ್ನ ನೋಡ್ಕೊಳ್ಳೋರಿಲ್ಲದ್ದು, ಎಲ್ಲ ಕರುಳು ಚುರುಕ್ ಅನ್ನೋ ಹಾಗೆ ಬರೆದಿದ್ಲು.”

“ಅಪ್ಪ ಓದಿದ್ರಾ?”

“ಎಡಗಡೆ ಪುಟ ಓದಿ ಅತ್ತರಂತೆ. ನನ್ನ ಕಷ್ಟ ನಿನಗಾದ್ರೂ ಅರ್ಥ ಆಯ್ತಲ್ಲ ಮಗಳೇ ಅಂತ ತಬ್ಕೊಂಡ್ರಂತೆ.”

“ಬಲಗಡೇದು?”

“ಅಷ್ಟರಲ್ಲಿ ನೋಟ್‌ಬುಕ್ ಮುಚ್ಚಿದ್ರು.”

“ಅವಳು ಬಾಯಲ್ಲಾದ್ರೂ ಹೇಳಬಾರದಿತ್ತಾ?”

“ಅಳೋ ಅಪ್ಪನ ಹತ್ರ ಹೇಗೆ ವಾದಿಸೋದು ಅಂತ ನಾನು ಕಲಿಸಿರಲಿಲ್ಲ.”

ಮೇಷ್ಟ್ರು ಮಾತ್ರೆಯ ಪೊಟ್ಟಣವನ್ನು ಜೇಬಿಗಿಳಿಸಿದರು.

“ನಿನ್ನೆ ಹೋಗೋವಾಗ ಅವರಪ್ಪ ನನ್ನ ಕೈ ಹಿಡ್ಕೊಂಡು, ಒಳ್ಳೇ ಬುದ್ಧಿ ಕಲಿಸಿದ್ರಿ ಮೇಷ್ಟ್ರೇ, ಉಪಕಾರ ಆಯ್ತು ಅಂದ್ರು.”

“ನೀವೇನಂದ್ರಿ?”

“ಏನನ್ನಲಿ?”

ಅವರು ನಿಧಾನವಾಗಿ ಮೆಟ್ಟಿಲಿಳಿದು ಹೋದರು. ಟೀಚರ್ ಹಿಂದೆಯೇ ನಡೆದರು.