ತುದಿಯ ಗಾಳಿ

ಗುಡ್ಡದ ಪಾರ್ಕಿನ ಗೇಟಿನ ಹತ್ತಿರ, ನಲ್ಲಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ದಢೂತಿ ಮನುಷ್ಯರೊಬ್ಬರು ಏದುಸಿರು ಬಿಡುತ್ತಾ ನಾಯಿಗೆ ನೀರು ಕುಡಿಸುತ್ತಿದ್ದರು. ಗೇಟಿನಲ್ಲೇ ಕಾದಿದ್ದ ಅವರ ಭಾವಮೈದ ಕೇಳಿದ.

“ಏನು ಭಾವ, ಇಷ್ಟು ಬೇಗ ಇಳಿದುಬಿಟ್ರಿ?”

“ಹತ್ತಿದ್ರೆ ತಾನೇ ಇಳಿಯೋದು! ಮೊದಲನೇ ಬೆಂಚಿಗೇ ಪ್ರಾಣ ಬಾಯಿಗೆ ಬಂತು.”

“ಅಕ್ಕ ಕಾಲು ಉಳುಕೋ ತನಕ ದಿನಾ ನಾಯೀನ ತುದಿಗೆ ಕರ್ಕೊಂಡು ಹೋಗ್ತಿದ್ಲು.”

“ಅದಕ್ಕೇ, ಮಾನ ಉಳಿಸ್ಕೊಳ್ಳೋಣ ಅಂತ ಹೇಗೋ ಬೆಂಚಿಂದ ಎದ್ದೆ. ಈ ನಾಯಿ ಏಳ್ಲೇ ಇಲ್ಲ. ಎಳೆದ್ರೆ ಗೇಟಿನ ಕಡೆ ತಿರುಗ್ತು.”

“ಸುಸ್ತಾಗಿರ್ಬೇಕು ಪಾಪ.”

“ಸುಸ್ತಲ್ಲಪ್ಪಾ, ರೂಢಿ! ಕಸ ಗುಡಿಸೋ ಅಮ್ಮ ನಗ್ತಾ ಹೇಳಿದ್ರು, ‘ಮೇಡಂ ದಿನಾ ಇಲ್ಲೇ ಕೂತು ವಾಪಸ್ ಹೋಗ್ತಿದ್ರು’ ಅಂತ.”

“ಅಂದ್ರೆ ಅಕ್ಕ…”

“ಇಷ್ಟು ವರ್ಷ ನನ್ನ ಹೊಟ್ಟೆ ನೋಡಿ ‘ತುದಿ ಹತ್ತೋದು ನಿಮ್ಮ ಕೈಲಾಗಲ್ಲ ಬಿಡಿ’ ಅಂತಿದ್ಲು. ನಾನೂ ತಲೆ ತಗ್ಗಿಸ್ಕೊಂಡು ಕೇಳ್ತಿದ್ದೆ ನೋಡು, ಪೆದ್ದ!”

“ಈಗ ಮನೇಲಿ ಕೇಳಿದ್ರೆ ಏನು ಹೇಳ್ತೀರಾ?”

“ತುದಿ ತನಕ ಹೋಗಿದ್ವಿ, ಗಾಳಿ ಭರ್ಜರಿಯಾಗಿತ್ತು ಅಂತೀನಿ. ಅವಳೂ ದಿನಾ ಬಂದು ಅದನ್ನೇ ತಾನೇ ಹೇಳ್ತಿದ್ದಿದ್ದು?”

ನಾಯಿ ಆಗಲೇ ಇಬ್ಬರನ್ನೂ ಮನೆ ಕಡೆ ಎಳೆದುಕೊಂಡು ಹೊರಟಿತ್ತು.