ಮೇಲಿನ ಡಬ್ಬಿಯ ರೊಟ್ಟಿ

...ಊಟದ ಕ್ಯಾರಿಯರ್‌ನಲ್ಲಿ ಹಾಕಿಕೊಂಡು ಹೋಗಿ, ಯಾರೂ ತಿರುಗಿ ನೋಡಲ್ಲ ಎಂದೋ, ಯಾರೂ ಕೇಳಲ್ಲ ಎಂದೋ ಧರ್ಮಪ್ಪನವರು ಹೇಳಿದ್ದರು. ಎರಡರಲ್ಲಿ ಯಾವುದೆಂದು ಈಗ ಖಚಿತವಿಲ್ಲ. ಅದಕ್ಕೆ ಮೊದಲು ನನ್ನ ವಿವರ ಬೇಕೆಂದು ಠಾಣೆಯವರು ಹೇಳಿದ್ದರಿಂದ ಬರೆಸುತ್ತಿದ್ದೇನೆ.

ಹರಿಪ್ರಸಾದ್ ಬಿನ್ ಶೇಷಪ್ಪ, 51 ವರ್ಷ, ವನ್ಯಜೀವಿ ರೋಗಗಳ ಸಂಶೋಧಕ, ವಾಸ ವಿನೋಬನಗರ, ಶಿವಮೊಗ್ಗ. ಈ ಮೂಲಕ ತಿಳಿಸುವುದು ಇಷ್ಟು.

ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿದ್ದ ರಕ್ತ ಹೀರುವ ಉಣುಗುಗಳು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಅವು ಕಚ್ಚಿದರೆ ಮನುಷ್ಯರಿಗೆ ಮಂಗನ ಕಾಯಿಲೆ ಬರಬಹುದು. ನೆಲದ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಹತ್ತಿದ ಉಣುಗುಗಳನ್ನು ಜೀವಂತವಾಗಿ ಪ್ರಯೋಗಾಲಯಕ್ಕೆ ತರುವುದು ನನ್ನ ಕೆಲಸ. ಹೋದ ವರ್ಷ ಅಪಾಯದ ಚೀಟಿ ಅಂಟಿಸಿದ ಪೆಟ್ಟಿಗೆ ಕಂಡು ಬಸ್ಸಿನವರು ನನ್ನನ್ನು ಅರ್ಧ ದಾರಿಯಲ್ಲಿ ಇಳಿಸಿದ್ದರು. ಅಂದಿನಿಂದ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್‌ನಲ್ಲಿ ತರುತ್ತಿದ್ದೇನೆ. ಇದು ನಿಯಮದಲ್ಲಿಲ್ಲ.

ದಿನಾಂಕ 21-01-2025ರಂದು ಬೆಳಿಗ್ಗೆ 7.10ಕ್ಕೆ ಅರಣ್ಯ ಇಲಾಖೆಯ ವಾಚರ್ ಧರ್ಮಪ್ಪನವರ ಜೊತೆ ಭದ್ರಾವತಿ ತಾಲ್ಲೂಕಿನ ಕಾಡಂಚಿಗೆ ಹೋದೆ. ಮೂರು ದಿನದ ಹಿಂದೆ ಮಂಗ ಸತ್ತು ಬಿದ್ದಿದ್ದ ಜಾಗದ ಸುತ್ತ ಐವತ್ತು ಮೀಟರ್‌ವರೆಗೆ ಬಟ್ಟೆ ಎಳೆದೆವು. 212 ಮರಿ ಉಣುಗುಗಳು ಸಿಕ್ಕವು. ಒಂದೊಂದೂ ಸಾಸಿವೆಗಿಂತ ಚಿಕ್ಕದು. ಹದಿನಾಲ್ಕು ಗಾಜಿನ ಸೀಸೆಗಳಲ್ಲಿ ಹಾಕಿ, ಗಾಳಿಯಾಡಲೆಂದು ಬಾಯಿಗೆ ತೆಳು ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಬಿಗಿದೆ. ಕೆಳಗಿನ ಎರಡು ಡಬ್ಬಿಗಳು ತುಂಬಿದವು. ಮೇಲಿನದು ಖಾಲಿ ಇತ್ತು.

11.05ಕ್ಕೆ ಭದ್ರಾವತಿಯಲ್ಲಿರುವ ಧರ್ಮಪ್ಪನವರ ಮನೆಯಲ್ಲಿ ಮೈಯೆಲ್ಲ ಉಣುಗು ಹುಡುಕಿಕೊಂಡು ಸ್ನಾನ ಮಾಡಿ ಬಟ್ಟೆ ಬದಲಿಸಿದೆ. ಕ್ಯಾರಿಯರ್ ಜಗಲಿಯ ಮೇಲಿತ್ತು. ಒಳಗೇನಿದೆಯೆಂದು ಅವರ ಹೆಂಡತಿ ಜಲಜಮ್ಮನವರಿಗೆ ನಾವು ಹೇಳಿರಲಿಲ್ಲ. ಹೇಳಿದರೆ ಅಂಗಳಕ್ಕೂ ಬಿಡುವುದಿಲ್ಲ ಎಂಬುದು ಧರ್ಮಪ್ಪನವರ ಅಭಿಪ್ರಾಯ.

12.10ಕ್ಕೆ ಶಿವಮೊಗ್ಗದ ಖಾಸಗಿ ಬಸ್ಸು ಹತ್ತಿ ಕ್ಯಾರಿಯರನ್ನು ಸೀಟಿನ ಕೆಳಗಿಟ್ಟೆ. ಪಕ್ಕದಲ್ಲಿ ಸುಮಾರು ಮೂವತ್ತು ವರ್ಷದ ಹೆಂಗಸು, ಆಕೆಯ ತೊಡೆಯ ಮೇಲೆ ಐದಾರು ವರ್ಷದ ಹುಡುಗಿ. ಹೆಸರು ಅಮೂಲ್ಯ, ಮನೆ ಸವಳಂಗ ರಸ್ತೆ, ಎದುರಿಗೇ ಹಿಟ್ಟಿನ ಗಿರಣಿ ಎಂದು ಹುಡುಗಿ ಕೇಳದೆಯೇ ತಿಳಿಸಿದಳು. ಮುಂದಿನ ಎರಡು ಹಲ್ಲುಗಳು ಬಿದ್ದಿದ್ದವು. ಕ್ಯಾರಿಯರ್ ತೋರಿಸಿ, "ಅಂಕಲ್, ಅದ್ರಲ್ಲಿ ಏನಿದೆ?" ಎಂದಳು. ಊಟ ಎಂದೆ. ಏನು ಊಟ ಎಂದಳು. ತಾಯಿ, "ಸುಮ್ನಿರೇ ಮಾರಾಯ್ತಿ, ಈಗ ತಾನೇ ಎರಡು ಬನ್ನು ತಿಂದಿದೀಯ, ಅವರ ಊಟಕ್ಕೂ ಕಣ್ಣು ಹಾಕ್ತೀಯ" ಎಂದು ನಕ್ಕರು. ನಾನೂ ನಕ್ಕೆ.

12.46ಕ್ಕೆ ಬಸ್ಸು ವಿದ್ಯಾನಗರಕ್ಕೆ ಬರುವಾಗ ಪ್ರಯೋಗಾಲಯದ ಸುಶ್ಮಿತಾ ಫೋನ್ ಮಾಡಿ, ಸತ್ತ ಮಂಗನ ವರದಿ ಬಂದಿದೆ, ವೈರಸ್ ಇದೆ ಎಂದು ತಿಳಿಸಿದರು. ಆ ಮಾತನ್ನು ಬಸ್ಸಿನಲ್ಲಿ ಆಡುವಂತಿರಲಿಲ್ಲ. ಸ್ಟಾಪ್ ಬಂದೊಡನೆ ಇಳಿದು ರಸ್ತೆ ಬದಿಯಲ್ಲಿ ನಿಂತು ಮಾತು ಮುಂದುವರಿಸಿದೆ. ಸೀಸೆಗಳ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿ ಮಾಡಿ ಎಂದು ಅವರು ಹೇಳಿದಾಗ ನನ್ನ ಕೈ ನೋಡಿಕೊಂಡೆ. ಬಸ್ಸು ಕಣ್ಣಿಗೆ ಕಾಣುತ್ತಿರಲಿಲ್ಲ.

ಆಟೋದಲ್ಲಿ 1.04ಕ್ಕೆ ಬಸ್ ನಿಲ್ದಾಣ ತಲುಪಿದೆ. ಅದೇ ಬಸ್ಸು ನಿಂತಿತ್ತು, ಸೀಟಿನ ಕೆಳಗೆ ಏನೂ ಇರಲಿಲ್ಲ. ಪಾಪ, ಊಟ ಬಿಟ್ಟು ಇಳಿದರು ಎನ್ನುತ್ತ ಆ ಹೆಂಗಸು ಕ್ಯಾರಿಯರ್ ಎತ್ತಿಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದು, ನನ್ನನ್ನು ಹುಡುಕಲು ಹಿಂದಕ್ಕೆ ನಡೆದರೆಂದು ಕಂಡಕ್ಟರ್ ಮಲ್ಲಿಕ್ ತಿಳಿಸಿದರು. ನನ್ನ ಆಟೋ ಅವರಿಬ್ಬರನ್ನು ದಾಟಿಯೇ ಬಂದಿರಬೇಕು. "ಒಂದು ಊಟಕ್ಕೆ ಇಷ್ಟು ಓಡಿ ಬಂದ್ರಾ ಸಾರ್? ಮನೇಲಿ ಬೈತಾರಾ?" ಎಂದು ಮಲ್ಲಿಕ್ ಕೇಳಿದರು. ಆಗಲೂ ನಾನು ನಿಜ ಹೇಳಲಿಲ್ಲ.

1.20ಕ್ಕೆ ಧರ್ಮಪ್ಪನವರಿಗೆ ಫೋನ್ ಮಾಡಿದೆ. ಎತ್ತಿದ್ದು ಜಲಜಮ್ಮ. "ರೊಟ್ಟಿ ತಿಂದ್ರಾ ಸಾರ್? ಮೇಲಿನ ಡಬ್ಬಿ ಖಾಲಿ ಇತ್ತು, ಖಾಲಿ ಹೆಂಗೆ ಕಳ್ಸೋದು? ಮೂರು ಅಕ್ಕಿ ರೊಟ್ಟಿ ಇಟ್ಟಿದ್ದೆ" ಎಂದರು. ಮನೆಗೆ ಬಂದ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಹಿಂದಿರುಗಿಸುವುದಿಲ್ಲ. ನನ್ನ ತಾಯಿಯೂ ಹಾಗೆಯೇ ಮಾಡುತ್ತಿದ್ದರು. ಅದು ನನಗೆ ನೆನಪಾಗಲಿಲ್ಲ. ಖಾಲಿ ಡಬ್ಬಿ ಕಂಡವರು ಮುಚ್ಚಿ ಇಟ್ಟುಬಿಡುತ್ತಾರೆ ಎಂದು ಅಲ್ಲಿಯವರೆಗೆ ಧೈರ್ಯವಿತ್ತು. ಮೊದಲ ಡಬ್ಬಿಯಲ್ಲಿ ರೊಟ್ಟಿ ಸಿಕ್ಕವರು ಎರಡನೆಯದರಲ್ಲಿ ಪಲ್ಯ ಹುಡುಕುತ್ತಾರೆ.

1.35ಕ್ಕೆ ನಮ್ಮ ಮುಖ್ಯಸ್ಥರಿಗೆ ತಿಳಿಸಿದೆ. ಊಟದ ಕ್ಯಾರಿಯರ್ ಕಳೆದಿದೆ ಎಂದಷ್ಟೇ ದೂರು ಕೊಡಿ, ಇಲ್ಲದಿದ್ದರೆ ಊರೇ ಹೆದರುತ್ತದೆ ಎಂದರು. ನಾನು ದೂರನ್ನೂ ಕೊಡದೆ ಸವಳಂಗ ರಸ್ತೆಯ ನಾಲ್ಕು ಗಿರಣಿಗಳ ಎದುರಿನ ಮನೆಗಳನ್ನು ಒಬ್ಬನೇ ವಿಚಾರಿಸಿದೆ. ಮೂರು ಮನೆಗಳಿಗೆ ಬೀಗವಿತ್ತು. ಅವುಗಳಲ್ಲಿ ಒಂದರ ಮೆಟ್ಟಿಲ ಮೇಲೆ ಮಕ್ಕಳ ಚಪ್ಪಲಿ ಇತ್ತು. ಬೀಗ ಕಂಡರೂ ಹತ್ತು ನಿಮಿಷ ಬಾಗಿಲು ಬಡಿದೆ. ಗಿರಣಿಯ ಸರಸ್ವತಿ ಎಂಬವರು ಹೊರಗೆ ಬಂದು, ಅಂಥದ್ದೇನು ಕಳೆದುಕೊಂಡಿರಿ ಎಂದು ಕೇಳಿದರು. ಊಟ ಎನ್ನಲು ಬಾಯಿ ಬರಲಿಲ್ಲ. 3.40ಕ್ಕೆ ಅಲ್ಲಿಂದ ನೇರ ಠಾಣೆಗೆ ಬಂದೆ.

ಮರಿ ಉಣುಗು ಕಚ್ಚಿದ್ದು ಗೊತ್ತಾಗುವುದಿಲ್ಲ. ಜ್ವರ ಬರಲು ಮೂರರಿಂದ ಎಂಟು ದಿನ ಬೇಕು. ಇದಕ್ಕೆಂದೇ ಔಷಧಿ ಇಲ್ಲ. ಈ ಮೂರು ವಾಕ್ಯಗಳನ್ನು ಹತ್ತಾರು ವರದಿಗಳಲ್ಲಿ ಬರೆದಿದ್ದೇನೆ. ಠಾಣೆಯವರು ಧ್ವನಿವರ್ಧಕದಲ್ಲಿ ಸಾರುವಾಗ ಊಟದ ಕ್ಯಾರಿಯರ್ ಎನ್ನದೆ, ಒಳಗಿರುವುದನ್ನೇ ಹೇಳಬೇಕೆಂದು ಕೋರುತ್ತೇನೆ.

ಓದಿ ಹೇಳಿದ್ದನ್ನು ಕೇಳಿಸಿಕೊಂಡೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಶಿವಮೊಗ್ಗ
ದಿನಾಂಕ: 21-01-2025, ಸಂಜೆ 4.25
ಸಹಿ: ಹರಿಪ್ರಸಾದ್

ಸಹಿಯ ಕೆಳಗೆ ಇನ್ನೊಂದು ಸಾಲು ಬರೆಯಲು ಕೇಳಿಕೊಂಡಿದ್ದೇನೆ. ಅಮೂಲ್ಯ, ರೊಟ್ಟಿ ತಿಂದು ಅಷ್ಟಕ್ಕೇ ಬಿಟ್ಟೆಯಾ, ಇಲ್ಲ ಎರಡನೇ ಡಬ್ಬಿಯನ್ನೂ ತೆಗೆದೆಯಾ?